ಸಂಧಾನದವರ ಸಪ್ಪೆ ಊಟ

ನಮ್ಮ ಊರಿಗೆ ರಾಜಿ ಮಾಡಿಸಲು ಬಂದವರಿಗೆ ಉಪ್ಪು ಹಾಕದ ಊಟ ಬಡಿಸುವುದು ಹಿಂದಿನಿಂದ ಬಂದ ಪದ್ಧತಿ. ಬೇರೆ ಊರಿನಲ್ಲಿ ನೆಂಟರಿಗೆ ಸಪ್ಪೆ ಬಡಿಸಿದರೆ ಅವಮಾನ, ನಮ್ಮಲ್ಲಿ ಅದೇ ಮರ್ಯಾದೆ. ನಮ್ಮ ಮೂಡಕೇರಿಯ ಪಾಲಿನ ಅಡುಗೆ ಪ್ರತಿ ಸಲವೂ ನನ್ನ ಚಿಕ್ಕಮ್ಮ ಹೊನ್ನಾಜಮ್ಮನ ತಲೆಗೇ ಬರುತ್ತಿತ್ತು. ಉಪ್ಪಿಲ್ಲದೆಯೂ ಮನುಷ್ಯ ಎರಡನೇ ಸಲ ಬಡಿಸಿಕೊಳ್ಳುವ ಹಾಗೆ ಅಡುಗೆ ಮಾಡಬಲ್ಲವಳು ಕೇರಿಯಲ್ಲಿ ಅವಳೊಬ್ಬಳೇ. ಹುಣಸೆ, ಶುಂಠಿ, ಹಸಿಕಾಯಿ, ಬೆಲ್ಲ, ಎಲ್ಲವನ್ನೂ ಮುಂದೆ ಮಾಡಿ ಉಪ್ಪು ಇಲ್ಲದ್ದನ್ನು ಮರೆಸಿಬಿಡುತ್ತಿದ್ದಳು. ನಾನು ಅವಳ ಅಕ್ಕನ ಮಗಳು ಚೆಲುವಿ, ಕೇರಿಯ ದರ್ಜಿ. ಅಮ್ಮ ಹೋದ ಮೇಲೆ ಅವಳ ಜೊತೆಯಲ್ಲೇ ಇದ್ದೇನೆ, ಅವಳ ಕೈಯಡುಗೆ ತಿಂದು ದಪ್ಪಗಾಗಿದ್ದೇನೆ, ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು.

ಊರಿನ ನಡುವೆ ಗೋಡೆಯಿದೆ. ಈಚೆ ಮೂಡಕೇರಿ, ಆಚೆ ಪಡುಕೇರಿ. ಅವರ ಮಾತು ನಮಗೆ ಕೇಳಿಸುವುದಿಲ್ಲ, ನಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ. ಕೆಮ್ಮು, ಸೀನು, ನಗು, ಅಳು, ಪಾತ್ರೆ ಬಿದ್ದ ಸದ್ದು ಎಲ್ಲವೂ ಗೋಡೆ ದಾಟಿ ಬರುತ್ತದೆ. ಮಾತು ಮಾತ್ರ ಬರುವುದಿಲ್ಲ. ಎದುರೆದುರು ನಿಂತರೂ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತದೆ. ಬರೆದು ತೋರಿಸಿದರೆ ಇರುವೆ ಸಾಲಿನ ಹಾಗೆ ಏನೋ ಹರಿದಾಡುತ್ತದೆ. ಯಾವ ಕೇರಿಯ ಉಪ್ಪು ತಿಂದರೆ ಆ ಕೇರಿಯ ಕಿವಿ, ಅಷ್ಟೇ. ಹೊರಗಿನಿಂದ ಬಂದವರಿಗೆ ಎರಡು ಕಡೆಯದೂ ಕೇಳಿಸುತ್ತದೆ, ಊರಿನ ಉಪ್ಪು ನಾಲಿಗೆಗೆ ತಾಕುವವರೆಗೆ. ಅದಕ್ಕೇ ನಮ್ಮ ಜಗಳಕ್ಕೆ ಯಾವಾಗಲೂ ಹೊರಗಿನವರೇ ಬೇಕು.

ಬಂದವರೇನು ಕಡಿಮೆಯೇ? ನಿವೃತ್ತ ಜಡ್ಜ್ ಒಬ್ಬರು ಬಂದಿದ್ದರು. ಗಂಭೀರ ಮನುಷ್ಯ, ಎರಡು ಕಡೆಯವರೂ ಅವರೆದುರು ದನಿ ತಗ್ಗಿಸುತ್ತಿದ್ದರು. ನಮ್ಮ ಯಜಮಾನ ಮುದ್ದಪ್ಪನವರ ಹೆಂಡತಿ ಪ್ರೀತಿ ತಡೆಯಲಾರದೆ ಅವರಿಗೆ ಹೋಳಿಗೆ ಬಡಿಸಿದರು. ಸಿಹಿ ತಾನೇ ಎಂದುಕೊಂಡರಂತೆ. ಕಣಕಕ್ಕೆ ಚಿಟಿಕೆ ಉಪ್ಪು ಹಾಕಿದ್ದು ಯಾರಿಗೂ ನೆನಪಾಗಲಿಲ್ಲ. ಮಾರನೆಯ ದಿನ ಜಡ್ಜ್ ಸಾಹೇಬರು ಪಡುಕೇರಿಯವರ ಮುಂದೆ ಕಿವಿಗೆ ಕೈಯಿಟ್ಟುಕೊಂಡು ಕೂತಿದ್ದರು. ಆಮೇಲೆ ಬಂದ ಹೆಂಗಸು ಬಹಳ ಜಾಣೆ, ಆದರೆ ಪಡುಕೇರಿಯ ಮಜ್ಜಿಗೆಗೆ ಸೋತಳು. ಇನ್ನೊಬ್ಬರು ತಮ್ಮ ಊರಿನ ಚಕ್ಕುಲಿಯನ್ನು ಜೇಬಿನಲ್ಲಿ ತಂದಿದ್ದರು. ಬಸ್ಸು ನಿಲ್ಲುವುದು ನಮ್ಮ ಕೇರಿಯಲ್ಲಿ, ಇಳಿದು ಒಂದು ತುಂಡು ಬಾಯಿಗಿಟ್ಟ ಕೂಡಲೇ ಅದರ ಉಪ್ಪು ನಮ್ಮ ಉಪ್ಪಾಯಿತು. ಹಾಗೆ ಕಿವಿ ಕೆಟ್ಟವರಿಗೆ ಆಚೆಯವರ ಉಪ್ಪನ್ನೂ ತಿನ್ನಿಸಿ ನೋಡಬಾರದೇ ಎಂದು ನೀವು ಕೇಳಬಹುದು. ಅವರ ಉಪ್ಪು ತಿಂದವನಿಗೆ ನಮ್ಮ ಮನೆಯ ಉಪ್ಪು ಕೊಡುವುದೇ? ನಾವೂ ಕೊಡುತ್ತಿರಲಿಲ್ಲ, ಅವರೂ ಕೊಡುತ್ತಿರಲಿಲ್ಲ. ಒಮ್ಮೆ ತಿಂದರೆ ಮುಗಿಯಿತು, ಸಾಯುವವರೆಗೆ ಅದೇ ಕಿವಿ ಎಂದು ಎಲ್ಲರೂ ನಂಬಿದ್ದೆವು.

ಇಷ್ಟೆಲ್ಲ ರಾಜಿ ಪಂಚಾಯಿತಿಯಲ್ಲಿ ಚಿಕ್ಕಮ್ಮನಿಗೆ ಬೇಕಾಗಿದ್ದು ಒಂದೇ. ಗೋಡೆ ಏಳುವ ಮೊದಲು ಅವಳು ಹುಟ್ಟಿ ಬೆಳೆದ ಮನೆ ಈಗ ಆಚೆಗಿದೆ. ಗಲಾಟೆಯ ವರ್ಷ ಈ ಕಡೆಯ ಎಷ್ಟೋ ಜನ ಆ ಕಡೆಗೆ, ಆ ಕಡೆಯ ಎಷ್ಟೋ ಜನ ಈ ಕಡೆಗೆ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಓಡಿದ್ದರು. ಚಿಕ್ಕಮ್ಮನ ಅವ್ವನ ಒರಳು ಮಾತ್ರ ಅಡುಗೆಮನೆಯ ನೆಲದಲ್ಲಿ ಹೂತಿದ್ದರಿಂದ ಅಲ್ಲೇ ಉಳಿಯಿತು. ಆ ಮನೆಯಲ್ಲಿ ಈಗ ಇರುವವಳು ಪಡುಕೇರಿಯ ದ್ಯಾವಮ್ಮ. ಬೆಳಿಗ್ಗೆ ಅವಳು ರುಬ್ಬಲು ಕೂತರೆ ಆ ಸದ್ದು ನಮ್ಮ ಹಿತ್ತಿಲಿಗೆ ಬರುತ್ತದೆ. ಚಿಕ್ಕಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದಳು. "ನಮ್ಮವ್ವನ ಒರಳು ಕಣೇ. ಒಂದು ಪಕ್ಕ ಸವೆದಿದೆ, ಗುಂಡು ಅಲ್ಲಿಗೆ ಬಂದಾಗ ಸದ್ದು ತಗ್ಗುತ್ತೆ, ಕೇಳು," ಎನ್ನುತ್ತಿದ್ದಳು. ಮನೆ ವಾಪಸ್ಸು ಬೇಕು ಎಂದು ಅವಳು ಒಂದು ದಿನವೂ ಕೇಳಿದವಳಲ್ಲ. ಕಣ್ಣು, ಕಾಲು ಸರಿಯಿರುವಾಗ ಒಂದು ಬೆಳಿಗ್ಗೆ ಹೋಗಿ ಆ ಒರಳ ಮುಂದೆ ಕೂತು ಬರಬೇಕು, ಅಷ್ಟೇ ಅವಳ ಆಸೆ. ಮುದ್ದಪ್ಪನವರು ಅದನ್ನು ಬೇಡಿಕೆಗಳ ತೀರಾ ಕೊನೆಗೆ ಸೇರಿಸಿದ್ದರು, ಅದೂ ಅವಳು ಸಪ್ಪೆ ಅಡುಗೆ ಮಾಡುತ್ತಾಳಲ್ಲ ಎನ್ನುವ ದಾಕ್ಷಿಣ್ಯಕ್ಕೆ.

ಹಾಗಿರುವಾಗ ಧರಣೇಂದ್ರಯ್ಯ ಬಂದರು. ದೊಡ್ಡ ಪೇಟೆಯೊಂದರಲ್ಲಿ ಜವಳಿ ವ್ಯಾಪಾರಿಗಳ ವ್ಯಾಜ್ಯ ಬಗೆಹರಿಸಿ ಹೆಸರು ಮಾಡಿದ ಜೈನರು, ತೆಳ್ಳಗೆ ಉದ್ದಕ್ಕಿದ್ದರು. "ನಮ್ಮಲ್ಲಿ ಉಪ್ಪು ಬಿಡೋ ವ್ರತಾನೇ ಇದೆ, ನೀವು ನನ್ನ ಚಿಂತೆ ಬಿಡಿ," ಎಂದು ಮೊದಲ ದಿನವೇ ಹೇಳಿದರು. ಗೋಡೆಯ ಕಿಂಡಿ ಬಾಗಿಲ ಪಕ್ಕದ ಕೋಣೆಯಲ್ಲಿ ಅವರ ವಾಸ. ಮಧ್ಯಾಹ್ನದ ಊಟ ನಮ್ಮ ಕಡೆಯಿಂದ, ಸಂಜೆಯದು ಪಡುಕೇರಿಯಿಂದ. ಆಚೆ ಅಡುಗೆ ಮಾಡುತ್ತಿದ್ದವಳು ಯಾರೆಂದು ತಿಳಿದ ದಿನ ಚಿಕ್ಕಮ್ಮ ಹುಣಸೆ ನೆನೆಸುವುದನ್ನೇ ಮರೆತಳು. ಅದು ಆ ದ್ಯಾವಮ್ಮನೇ.

ಅಲ್ಲಿಂದ ಶುರುವಾಯಿತು ನೋಡಿ ಪೈಪೋಟಿ. "ನಿನ್ನೆ ಏನು ಮಾಡಿದ್ಲು ಆಕೆ?" ಎಂದು ಚಿಕ್ಕಮ್ಮ ಬಡಿಸುತ್ತಲೇ ಕೇಳುವಳು. "ಹುರುಳಿಕಾಳಿನ ಚಟ್ನಿ ಅರೆದಿದ್ರು. ನಿಮ್ಮ ತಾಯಿ ಒರಳಲ್ಲೇ," ಎಂದು ಧರಣೇಂದ್ರಯ್ಯ ಹೇಳುವರು. "ನುಣ್ಣಗಿತ್ತೋ, ತರಿಯಾಗಿತ್ತೋ?" "ತರಿ." "ಹಂಗೇ ಇರ್ಬೇಕು," ಎಂದು ಚಿಕ್ಕಮ್ಮ ಒಪ್ಪಿಕೊಂಡರೂ ಮಾರನೆಯ ದಿನ ಮಾವಿನಕಾಯಿ ಹಾಕಿ ಇನ್ನೊಂದು ಕೈ ಮೇಲಾಗಿ ಮಾಡುವಳು. ಆಚೆಯಿಂದಲೂ ಅದೇ ಪ್ರಶ್ನೆ ಬರುತ್ತಿತ್ತಂತೆ. ಆ ಮನುಷ್ಯ ಮೂಡಕೇರಿ ಪಡುಕೇರಿಗಳ ಬೈಗುಳದ ಜೊತೆಗೆ ಈ ಇಬ್ಬರ ಅಡುಗೆಯ ಸಮಾಚಾರವನ್ನೂ ಹೊತ್ತು ತಿರುಗಿದರು. ಬೈಗುಳವನ್ನು ಅವರು ಸ್ವಲ್ಪವೂ ಮೆತ್ತಗೆ ಮಾಡುತ್ತಿರಲಿಲ್ಲ. "ಅವರು ನಿಮ್ಮನ್ನ ಕಳ್ಳರು ಅಂದ್ರು," ಎಂದು ಶಾಂತವಾಗಿ ಹೇಳಿ, "ಈಗ ನೀವು ಹೇಳಿ," ಎಂದು ಕಾಯುತ್ತಿದ್ದರು.

ಒಂದು ದಿನ ಅವರು ನನ್ನ ಅಂಗಡಿಗೇ ಬಂದರು. "ದ್ಯಾವಮ್ಮನವರು ಒಂದು ವಿಷಯ ಕೇಳಿದ್ರು. ಅವರ ಹುಟ್ಟಿದ ಮನೆ ಈ ಜಾಗದಲ್ಲಿತ್ತಂತೆ. ಹಿತ್ತಿಲಲ್ಲಿ ಅವರ ಅಪ್ಪ ನೆಟ್ಟ ನುಗ್ಗೆ ಮರ ಇತ್ತಂತೆ. ಇನ್ನೂ ಇದೆಯಾ ಅಂತ." ಇತ್ತು. ಕೊಂಬೆ ಮುರಿಯುವಷ್ಟು ಕಾಯಿ ಬಿಟ್ಟುಕೊಂಡು ನನ್ನ ಬೆನ್ನ ಹಿಂದೆಯೇ ನಿಂತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ, ಅಂಗಿ ಹೊಲಿಸಲು ಬಂದಿದ್ದ ಮುದ್ದಪ್ಪನವರು ಕೈ ಅಡ್ಡ ಹಿಡಿದರು. "ಮರ ಇದೆ ಅಂದ್ರೆ ಜಾಗ ಅವರದು ಅಂತ ಒಪ್ಪಿದ ಹಾಗೆ. ಅದಕ್ಕೆಲ್ಲ ಉತ್ತರ ಕೊಡೋದು ಬೇಡ." ಧರಣೇಂದ್ರಯ್ಯ ಉತ್ತರವಿಲ್ಲದೆ ಹೋದರು. ಆ ರಾತ್ರಿಯ ಸಾರಿನಲ್ಲಿದ್ದ ನುಗ್ಗೆಕಾಯಿ ನನಗೆ ರುಚಿಸಲಿಲ್ಲ.

ಧರಣೇಂದ್ರಯ್ಯ ದೊಡ್ಡ ಬೇಡಿಕೆಗಳನ್ನೆಲ್ಲ ಬದಿಗಿಟ್ಟು ಬಾಗಿಲೊಂದನ್ನೇ ಹಿಡಿದು ಕೂತರು. ಸಂತೆಯ ದಿನ ಬೆಳಿಗ್ಗೆ ಕಿಂಡಿ ಬಾಗಿಲು ತೆರೆದಿಡುವುದು, ಹಳೆಯ ಮನೆ ನೋಡಬೇಕೆನ್ನುವವರು ಹೋಗಿ ಬರುವುದು. ಅದಕ್ಕೆ ಎರಡು ಕಡೆಯವರೂ ಹೂಂ ಅಂದರು. ಆದರೆ ಬಾಗಿಲು ಯಾರ ಕಡೆಗೆ ತೆರೆದುಕೊಳ್ಳಬೇಕು? ನಮ್ಮ ಕಡೆಗೆ ತೆರೆದರೆ ಅವರು ತಳ್ಳಿಕೊಂಡು ಬಂದ ಹಾಗೆ, ಅವರ ಕಡೆಗೆ ತೆರೆದರೆ ನಾವು ಎಳೆಸಿಕೊಂಡು ಹೋದ ಹಾಗೆ. ಬಾಗಿಲನ್ನೇ ಕಿತ್ತಿಡೋಣ ಎಂದು ಧರಣೇಂದ್ರಯ್ಯ ಹೇಳಿದರೆ, ಬೇಕಾದಾಗ ಮುಚ್ಚುವುದು ಹೇಗೆ ಎಂದು ಎರಡು ಕಡೆಯವರೂ ಒಂದೇ ಮಾತಿನಲ್ಲಿ ಕೇಳಿದರು. "ನೀವಿಬ್ಬರೂ ಒಂದೇ ಮಾತು ಹೇಳಿದ್ದು ಇದೇ ಮೊದಲು," ಎಂದು ಅವರು ಬಹಳ ಸಂತೋಷಪಟ್ಟರು. ಕೊನೆಗೆ ಪಕ್ಕಕ್ಕೆ ಜರುಗುವ ಬಾಗಿಲು ಎಂದಾಯಿತು. ಸಂತೆಯ ದಿನ ಎರಡು ಕಡೆಯ ಯಜಮಾನರೂ ಬಾಗಿಲಲ್ಲಿ ನಿಂತು ಧರಣೇಂದ್ರಯ್ಯನವರ ಮುಂದೆ "ಆಗಲಿ" ಎನ್ನುವುದೊಂದು ಬಾಕಿ. ಮೊದಲು ಹೋಗಿ ಬರುವವಳು ಚಿಕ್ಕಮ್ಮ. ಅವಳು ಪೆಟ್ಟಿಗೆಯಿಂದ ಕೆಂಪು ಸೀರೆ ತೆಗೆದು ನನ್ನ ಕೈಲಿ ಇಸ್ತ್ರಿ ಮಾಡಿಸಿದಳು. ಉದ್ದಿನಬೇಳೆ ಒಯ್ಯಲೋ ಕಡಲೆಬೇಳೆ ಒಯ್ಯಲೋ ಎಂದು ದಿನವೆಲ್ಲ ನನ್ನ ತಲೆ ತಿಂದಳು.

ಆ ದಿನಗಳಲ್ಲೇ ಧರಣೇಂದ್ರಯ್ಯ ಊಟಕ್ಕೆ ಮೊದಲು ಪೇಪರ್ ಓದುತ್ತಾ, "ಇಸ್ರೇಲು, ಪ್ಯಾಲೆಸ್ತೀನಿನ ನಡುವೆ ಮಾತುಕತೆ ಆಡಿಸೋಕೆ ಮತ್ತೆ ಹೊರಗಿನವರು ಹೋಗ್ತಾರಂತೆ," ಎಂದರು. ಹಾಗೆಂದರೆ ಯಾರು, ಏನು ಜಗಳ ಎಂದು ಚಿಕ್ಕಮ್ಮ ಕೇಳಿ ತಿಳಿದುಕೊಂಡಳು. ಒಂದೇ ನೆಲ, ಎರಡು ಕಡೆಯವರೂ ನಮ್ಮದು ಅನ್ನುತ್ತಾರೆ, ಎಷ್ಟೋ ಜನ ಸತ್ತಿದ್ದಾರೆ, ಎಷ್ಟೋ ಜನ ಮನೆ ಬಿಟ್ಟಿದ್ದಾರೆ ಎಂದು ಅವರು ಹೇಳಿದರು. ಚಿಕ್ಕಮ್ಮ ಸಾರನ್ನು ಸೌಟಿನಿಂದ ಒಮ್ಮೆ ತಿರುವಿದಳು. ಆಮೇಲೆ, "ರಾಜಿಗೆ ಹೋದೋರು ಎಲ್ಲಿ ಊಟ ಮಾಡ್ತಾರಂತೆ?" ಎಂದಳು. "ಅದನ್ನ ಬರೆದಿಲ್ಲ ತಾಯಿ." "ಮುಖ್ಯವಾದದ್ದೇ ಬರೆಯಲ್ವಲ್ಲ ಇವ್ರು," ಎಂದು ಅನ್ನ ಬಡಿಸಿದಳು. ಧರಣೇಂದ್ರಯ್ಯ ನಗಲಿಲ್ಲ, ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು.

ಅದು ಕಡುಬೇಸಿಗೆ. ಗೋಡೆಯ ಪಕ್ಕದ ಕೋಣೆ ಒಲೆಯ ಹಾಗೆ ಕಾಯುತ್ತಿತ್ತು. ವ್ರತ ಮಾಡಿದವರೇ ಇರಬಹುದು, ಆದರೆ ಬಿಸಿಲಲ್ಲಿ ಬೆವರು ಸುರಿಸುತ್ತಾ ಆಚೆಗೂ ಈಚೆಗೂ ಓಡಾಡುತ್ತಾ ತಿಂಗಳುಗಟ್ಟಲೆ ಉಪ್ಪು ಬಿಡುವ ವ್ರತ ಯಾರೂ ಮಾಡಿರಲಾರರು. ಸಂತೆಯ ಹಿಂದಿನ ದಿನ ಮಧ್ಯಾಹ್ನ ನಾವು ಊಟ ಒಯ್ದಾಗ ಧರಣೇಂದ್ರಯ್ಯ ನೆಲದ ಮೇಲೆ ಬಿದ್ದಿದ್ದರು. ಕಾಲು ಸೆಟೆದಿತ್ತು, ಮಾತು ತೊದಲುತ್ತಿತ್ತು, ನನ್ನನ್ನು ಯಾರೋ ವಿಮಲಾ ಎಂದು ಕರೆದರು. ಡಾಕ್ಟರು ಬಂದು ನೋಡಿ, "ಮೈಯಲ್ಲಿ ಉಪ್ಪೇ ಇಲ್ಲ. ಈಗಲೇ ಕೊಡಬೇಕು. ನಾಳೆವರೆಗೆ ಬಿಟ್ಟರೆ ನಾನು ಜವಾಬ್ದಾರನಲ್ಲ," ಎಂದರು.

ಅಷ್ಟರಲ್ಲಿ ಮುದ್ದಪ್ಪನವರೂ ಹಿರಿಯರೂ ಬಾಗಿಲು ತುಂಬ ನಿಂತಿದ್ದರು. "ನಾಳೆ ಬೆಳಿಗ್ಗೆವರೆಗೆ ಹೆಂಗಾದ್ರೂ ತಡೀರಿ. ಒಂದು 'ಆಗಲಿ' ಅನ್ನಿಸಿಬಿಟ್ರೆ ಆಮೇಲೆ ಬೇಕಾದಷ್ಟು ಉಪ್ಪು ತಿನ್ನಲಿ," ಎಂದರು ಮುದ್ದಪ್ಪನವರು. ಮನುಷ್ಯ ಕೆಟ್ಟವರಲ್ಲ, ಅವರ ಕಣ್ಣಲ್ಲೂ ನೀರಿತ್ತು. ಎಷ್ಟು ವರ್ಷದ ಕೆಲಸ ಅದು! ಎಲ್ಲರೂ ಚಿಕ್ಕಮ್ಮನ ಮುಖ ನೋಡಿದರು. ಕಳೆದುಕೊಳ್ಳುವುದು ಯಾರಿಗಿಂತ ಹೆಚ್ಚಾಗಿ ಅವಳಿಗೇ ಇತ್ತು. ಪಡುಕೇರಿಯ ಮಾತು ತರಲು ಕಿವಿಯೇ ಇಲ್ಲವೆಂದ ಮೇಲೆ ಬಾಗಿಲಿಲ್ಲ, ಬಾಗಿಲಿಲ್ಲವೆಂದರೆ ಒರಳಿಲ್ಲ. ಮುಂದಿನ ಸಂಧಾನದವರು ಬರುವಷ್ಟರಲ್ಲಿ ಅವಳ ಕಾಲು ಎಲ್ಲಿರುತ್ತದೋ. ಅವಳು ನನ್ನ ಕಡೆ ತಿರುಗಿ, "ಚೆಲುವಿ, ಮನೆಗೋಗಿ ಉಪ್ಪಿನ ಮರಿಗೆ ತಗೊಂಬಾ," ಎಂದಳು. "ಹೊನ್ನಾಜಮ್ಮ, ಯೋಚನೆ ಮಾಡು," ಎಂದರು ಮುದ್ದಪ್ಪನವರು. "ಮಾಡಿದೆ ಯಜಮಾನ್ರೇ. ಉಣ್ಣೋಕೆ ಕೂತೋರನ್ನ ಸಾಯಿಸಿ ನಾನು ಯಾವ ಮುಖ ಹೊತ್ಕೊಂಡು ನಮ್ಮವ್ವನ ಒರಳ ಮುಂದೆ ಕೂರ್ಲಿ?"

ಗಂಜಿಗೆ ಉಪ್ಪು ಹಾಕಿ ಅವಳೇ ತಲೆ ಎತ್ತಿ ಹಿಡಿದು ಕುಡಿಸಿದಳು. ಡಾಕ್ಟರು ಪಕ್ಕದಲ್ಲೇ ಕೂತರು. ಸಂಜೆಯ ಹೊತ್ತಿಗೆ ಧರಣೇಂದ್ರಯ್ಯ ಎದ್ದು ಕೂತು ಬಟ್ಟಲು ನೋಡಿದರು. ಬೈಯಲಿಲ್ಲ. "ರುಚಿಯಾಗಿತ್ತು ತಾಯಿ," ಎಂದು ಮುಖ ಮುಚ್ಚಿಕೊಂಡು ಅತ್ತರು. ಆಚೆಯಿಂದ ಅವರ ಸಂಜೆಯ ಊಟ ತಂದವನು ಬಾಗಿಲಲ್ಲಿ ನಿಂತು ಬಾಯಿ ಅಲ್ಲಾಡಿಸಿದ, ಅಲ್ಲಾಡಿಸಿದ, ಕೊನೆಗೆ ಪಾತ್ರೆಯನ್ನು ಅಲ್ಲೇ ಇಟ್ಟು ಓಡಿದ.

ಸಂತೆಯ ಬೆಳಿಗ್ಗೆ ಆದರೂ ಎರಡು ಕಡೆಯವರೂ ಬಾಗಿಲಿಗೆ ಬಂದರು. ಜಗಳವಾಡಲಾದರೂ ಬರಬೇಕಲ್ಲ. ಹೊಸ ಬಾಗಿಲು ಪಕ್ಕಕ್ಕೆ ಜರುಗಿತು, ಬಹಳ ನಯವಾಗಿಯೇ. ಆಚೆ ಪಡುಕೇರಿಯವರೆಲ್ಲ ಬಾಯಿ ಅಲ್ಲಾಡಿಸುತ್ತಿದ್ದರು, ಕೈ ಬೀಸುತ್ತಿದ್ದರು. ಮೋಸ ಮಾಡಿ ಉಪ್ಪು ತಿನ್ನಿಸಿದಿರಿ ಎನ್ನುತ್ತಿದ್ದಿರಬೇಕು. ಈಚೆ ನಮ್ಮವರು ಮೋಸವಲ್ಲ ಎಂದು ಕಿರುಚುತ್ತಿದ್ದರು. ಯಾರಿಗೂ ಯಾರದೂ ಕೇಳಿಸುತ್ತಿರಲಿಲ್ಲ. ನಡುವೆ ಧರಣೇಂದ್ರಯ್ಯ ಗೋಡೆಗೊರಗಿ ಎರಡು ಕೈಯನ್ನೂ ಜೋಡಿಸಿಕೊಂಡು ನಿಂತಿದ್ದರು. ಆಚೆಯ ಗುಂಪಿನ ಮುಂದೆ ಗಿಡ್ಡಗಿದ್ದ ಹೆಂಗಸೊಬ್ಬಳು ಮಾತ್ರ ಬಾಯಿ ಮುಚ್ಚಿಕೊಂಡು ಅವರ ಬಾಡಿದ ಮುಖವನ್ನೇ ನೋಡುತ್ತಿದ್ದಳು. ಅಡುಗೆ ಮಾಡಿ ಹಾಕಿದವಳಿಗೆ ಮಾತ್ರ ಬರುವ ಸಂಕಟ ಅದು. ಅವಳೇ ದ್ಯಾವಮ್ಮ ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ಚಿಕ್ಕಮ್ಮ ಕೆಂಪು ಸೀರೆ ಉಟ್ಟಿದ್ದಳು. ಜನರನ್ನು ಸರಿಸಿಕೊಂಡು ಹೊಸ್ತಿಲ ಬಳಿ ಹೋಗಿ ದ್ಯಾವಮ್ಮನ ಮುಂದೆ ಅಂಗೈ ಚಾಚಿದಳು. ಇನ್ನೊಂದು ಕೈಯ ಮೂರು ಬೆರಳು ಸೇರಿಸಿ ಅನ್ನಕ್ಕೆ ಉದುರಿಸಿದ ಹಾಗೆ ತೋರಿಸಿದಳು. "ಚಿಕ್ಕಮ್ಮ! ಅವರ ಉಪ್ಪು ತಿಂದ್ರೆ ನನ್ನ ಮಾತು ನಿಂಗೆ ಕೇಳ್ಸಲ್ಲ. ಸಾಯೋವರೆಗೂ ಕೇಳ್ಸಲ್ಲ!" ಎಂದು ಅವಳ ಸೆರಗು ಹಿಡಿದೆ. ಅವಳು ತಿರುಗಿ ನನ್ನ ಕೆನ್ನೆ ಸವರಿದಳು. "ಯಾರಾದ್ರೂ ಹೋಗ್ಬೇಕಲ್ಲೇ. ಹೊರಗಿನೋರನ್ನ ಎಷ್ಟು ಅಂತ ಸಪ್ಪೆ ಹಾಕಿ ಸಾಯಿಸೋದು? ನಿನ್ನ ಮಾತೆಲ್ಲ ನಂಗೆ ಬಾಯಿಪಾಠ. ಬಾಯಿ ಆಡಿದ್ರೆ ಸಾಕು, ಗೊತ್ತಾಗುತ್ತೆ."

ದ್ಯಾವಮ್ಮ ಒಳಗೆ ಓಡಿ ಉಪ್ಪು ತಂದಳು. ತಂದವಳು ಚಿಕ್ಕಮ್ಮನ ಅಂಗೈಗೆ ಹಾಕಲಿಲ್ಲ. ತಲೆ ಅಲ್ಲಾಡಿಸಿ, ಬಗ್ಗಿ, ಹೊಸ್ತಿಲ ಕಲ್ಲಿನ ಮೇಲೆ ಇಟ್ಟಳು. ಕೈಯಿಂದ ಕೈಗೆ ಉಪ್ಪು ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಕೇರಿಯಲ್ಲಿ ಯಾರೂ ಹಾಗೆ ಕೊಡುವುದಿಲ್ಲ. ಅವರ ಕೇರಿಯಲ್ಲೂ ಹಾಗೇ ಎಂದು ನಮಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಹೊಡೆದಾಡಿ, ನಡುವೆ ಗೋಡೆ ಕಟ್ಟಿಕೊಂಡು ನಿಂತವರು ಈಗ ಜಗಳವಾದೀತು ಎಂದು ಉಪ್ಪನ್ನು ಕಲ್ಲಿನ ಮೇಲಿಡುತ್ತಾರೆ! ನಮ್ಮ ಕಡೆ ಯಾರೋ ಕಿಸಕ್ಕೆಂದರು. ಆಚೆಯೂ ಯಾರೋ ನಕ್ಕರು. ನಗು ಕೇಳಿಸುತ್ತದಲ್ಲ, ಒಂದು ಕಡೆಯದು ಇನ್ನೊಂದು ಕಡೆಗೆ ಹತ್ತಿಕೊಂಡು ಮುದ್ದಪ್ಪನವರೂ ಶಲ್ಯದಲ್ಲಿ ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಆ ನಗುವಿನ ನಡುವೆಯೇ ಚಿಕ್ಕಮ್ಮ ಉಪ್ಪನ್ನು ಬೆರಳಿಗೆ ಒತ್ತಿ ನಾಲಿಗೆಗೆ ಇಟ್ಟುಕೊಂಡಳು. ನಾನು "ಚಿಕ್ಕಮ್ಮ" ಎಂದೆ. ಅವಳು ತಿರುಗಲಿಲ್ಲ. ದ್ಯಾವಮ್ಮನ ಬಾಯಿ ಆಡಿತು, ಚಿಕ್ಕಮ್ಮನ ಮುಖ ಅರಳಿತು, ಅವಳ ಬಾಯಿಯೂ ಆಡಿತು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಿಡುವಿಲ್ಲದೆ ಮಾತಾಡುವ ಹೆಂಗಸಿನ ಒಂದೇ ಒಂದು ಮಾತೂ ನನಗೆ ಕೇಳಿಸಲಿಲ್ಲ. ದ್ಯಾವಮ್ಮ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ನಾನು ನಿಂತಲ್ಲಿ ನಿಲ್ಲಲಾರದೆ ಅಂಗಡಿಯ ಹಿತ್ತಿಲಿಗೆ ಓಡಿದೆ. ಕೈಗೆ ಸಿಕ್ಕಷ್ಟು ನುಗ್ಗೆಕಾಯಿ ಎಳೆದು, ಸೊಪ್ಪಿನ ಸಮೇತ ಒಂದು ಕೊಂಬೆಯನ್ನೂ ಮುರಿದು ತಂದು ಹೊಸ್ತಿಲ ಕಲ್ಲಿನ ಮೇಲೆ ಹಾಕಿದೆ. ಮುದ್ದಪ್ಪನವರು ನೋಡಿದರು, ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಆಚೆಯವರು ಅದನ್ನು ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಆ ಮನೆಯಿಂದ ಅಳು ಕೇಳಿಸಿತು. ದ್ಯಾವಮ್ಮನದೇ. ಅವಳ ಪ್ರಶ್ನೆಗೆ ಉತ್ತರ ಮುಟ್ಟಿತು ಎಂದುಕೊಂಡೆ. ಆಮೇಲೆ ಒರಳಿನ ಸದ್ದು ಶುರುವಾಯಿತು, ಸವೆದ ಪಕ್ಕಕ್ಕೆ ಬಂದಾಗ ತಗ್ಗುತ್ತಾ, ಮತ್ತೆ ಏಳುತ್ತಾ. ಆ ಕೈ ಯಾರದೆಂದು ನನಗೆ ಗೊತ್ತಾಯಿತು.

ಮಧ್ಯಾಹ್ನ ಚಿಕ್ಕಮ್ಮ ಒಂದು ಬಟ್ಟಲು ಚಟ್ನಿ ಹಿಡಿದು ಬಂದಳು. ಮೈಯೆಲ್ಲ ಸಂತೋಷ. ಬಂದವಳೇ ಗೋಡೆ, ಒರಳು, ಜಂತಿ ಎಂದು ಕೈಯಲ್ಲಿ ತೋರಿಸುತ್ತಾ ಒಂದೇ ಸಮನೆ ಬಾಯಿ ಆಡಿಸಿದಳು. ನಾನು ತಲೆಯಾಡಿಸಿದೆ. ಅವಳಿಗೂ ತಿಳಿಯಿತು. ಮಾತು ನಿಲ್ಲಿಸಿ, ಕೈ ತೊಳೆದು, ತಟ್ಟೆಯ ಮುಂದೆ ಕೂತಳು. ಇನ್ನು ಮುಂದೆ ನಮ್ಮ ಮನೆ ಹೀಗೇ ಇರುತ್ತದಲ್ಲ ಎಂದು ನನಗೆ ತಡೆಯಲಾಗಲಿಲ್ಲ. ಒಲೆಯ ಕಡೆ ತಿರುಗಿಕೊಂಡು, ಅದೇ ಮರದ ನುಗ್ಗೆಕಾಯಿ ಹಾಕಿದ್ದ ಹುಳಿಗೆ ಉಪ್ಪು ಹಾಕಿದೆ. ಹಾಕಿದೆನೋ ಇಲ್ಲವೋ ನೆನಪಾಗದೆ ಇನ್ನೊಮ್ಮೆ ಹಾಕಿದೆ. ಮೂಗು ಒರೆಸಿಕೊಂಡು ಬಡಿಸಿದೆ.

ಅವಳು ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಹುಬ್ಬು ಗಂಟಾಯಿತು. ನುಂಗಿ, ನನ್ನ ಮುಖ ನೋಡಿದಳು.

"ಉಪ್ಪು ಮುಂದಾಯ್ತಲ್ಲೇ ಚೆಲುವಿ," ಎಂದಳು.